ಬಿಳಿ ಬೋರ್ಡಿನ ಬಾಡಿಗೆ ಕಾರು

ಆಯುಧ ಪೂಜೆಯ ದಿನ ರಸ್ತೆಯಲ್ಲಿ ಬೂದುಗುಂಬಳ ಒಡೆದು ಬಿದ್ದಿದ್ದರೆ ಯಾರೂ ಗಾಡಿ ನಿಲ್ಲಿಸುವುದಿಲ್ಲ. ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತಾರೆ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಅಂದು ಬೆಳಿಗ್ಗೆಯೆಲ್ಲ ಹಾಗೇ ಆಯಿತು. ಬಸ್ಸುಗಳು ಹೋದವು. ಹಾರ ಹಾಕಿಕೊಂಡ ಟ್ರ್ಯಾಕ್ಟರುಗಳು ಹೋದವು. ಎಲ್ಲರೂ ಕುಂಬಳದ ಚೂರು ತಪ್ಪಿಸಿಕೊಂಡು ಹಬ್ಬಕ್ಕೆ ಹೋದರು.

ಮಧ್ಯಾಹ್ನ ಎಮ್ಮೆ ಹೊಡೆದುಕೊಂಡು ಬಂದ ಜಯಲಕ್ಷ್ಮಮ್ಮನಿಗೆ ಮಾತ್ರ ಅನುಮಾನ ಬಂತು. ಎಮ್ಮೆ ಚೂರಿಗೆ ಬಾಯಿ ಹಾಕಿತ್ತು. ಕುಂಕುಮ ತುಂಬಿದ ಕಾಯಿ ತಿಂದೀತೆಂದು ಓಡಿಬಂದು ನೋಡಿದರೆ, ಒಂದರಲ್ಲೂ ಕುಂಕುಮವಿಲ್ಲ. ಚಿಲ್ಲರೆ ಕಾಸೂ ಇಲ್ಲ.

“ಇದ್ಯಾವ ಸೀಮೆ ಪೂಜೆನಪ್ಪ?” ಎಂದುಕೊಂಡು ಅವಳು ಚರಂಡಿಯ ಕಡೆ ಬಗ್ಗಿದಳು. ಲಂಟಾನ ಪೊದೆಯ ಹಿಂದೆ ಸೈಕಲ್ಲಿನ ಚಕ್ರ ಕಂಡಿತು. ಅದರಾಚೆ ಒಂದು ಕಾಲು.

ಸತ್ತವನು ಪಕ್ಕದ ಹಳ್ಳಿಯ ಚಂದ್ರಯ್ಯ. ಹಬ್ಬಕ್ಕೆಂದು ಬೆಳೆದ ಕುಂಬಳಗಳನ್ನು ಮೂಟೆ ಕಟ್ಟಿ, ಸೈಕಲ್ಲಿಗೆ ಹೇರಿ ಹೊಳೆನರಸೀಪುರಕ್ಕೆ ಹೊರಟಿದ್ದ. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಅವನು ಎಷ್ಟು ಹೊತ್ತಿಗೆ ಮನೆ ಬಿಟ್ಟ ಎಂದು ಹೇಳುವವರೂ ಇರಲಿಲ್ಲ. ಅರ್ಧ ದಿನ ಲೋಕವೆಲ್ಲ ಅವನ ಪಕ್ಕದಲ್ಲೇ ಹಾದುಹೋಯಿತು. 

*

ವಾರದ ಮೇಲೆ ಯಶೋಧರಾ ಠಾಣೆಗೆ ಬಂದಳು. ಹಾಸನದವಳು. ವಯಸ್ಸು ನಲವತ್ತಾರು. ಇನ್ಶೂರೆನ್ಸ್ ಕಂಪನಿಗಳ ಪರವಾಗಿ ಅಪಘಾತಗಳ ತನಿಖೆ ಮಾಡುವುದು ಅವಳ ಕೆಲಸ. ಈ ಕೆಲಸದವರನ್ನು ಕಂಡರೆ ಜನ ಬಾಗಿಲು ಮುಚ್ಚುವುದಿಲ್ಲ. ಅರ್ಧ ತೆರೆದು, ಅಡ್ಡ ನಿಲ್ಲುತ್ತಾರೆ. ಅದು ಇನ್ನೂ ಕೆಟ್ಟದ್ದು. ಮಧ್ಯಾಹ್ನದ ಊಟ ಅವಳು ತನ್ನ ಕಾರಿನಲ್ಲೇ ಮುಗಿಸುತ್ತಾಳೆ. ಸಂಜೆಯ ಮೇಲೆ ಅವಳಿಗೆ ಫೋನ್ ಮಾಡುವವರು ಯಾರೂ ಇಲ್ಲ.

ಸಬ್ ಇನ್ಸ್‌ಪೆಕ್ಟರ್ ಶಿವಕುಮಾರ್ ಟೀ ತರಿಸಿದ.

“ಕೇಸು ಮುಗಿದ ಹಾಗೇ ಮೇಡಂ. ಮಂಜೇಗೌಡ ಅಂತ, ಚನ್ನರಾಯಪಟ್ಟಣದ ಕಡೆಯವನು. ತಿಂಡಿ ಹೊತ್ತು ಕಳೆದ ಮೇಲೆ ಆ ದಾರೀಲಿ ಕಾರು ಓಡಿಸ್ಕೊಂಡು ಹೋಗಿದಾನೆ. ಬಂಕಿನ ಕ್ಯಾಮೆರಾದಲ್ಲಿ ಸಿಕ್ಕಿದೆ. ಎಡಗಡೆ ಹೆಡ್‌ಲೈಟ್ ಒಡೆದಿದೆ. ಹೆಣದ ಹತ್ತಿರ ಸಿಕ್ಕ ಚೂರು ಅದೇ ಕಾರಿಂದು.”

“ಹಿಡಿದುಕೊಟ್ಟೋರು ಯಾರು?”

“ಕಾರಿನ ಮಾಲೀಕನೇ. ರಜನೀಶ್ ಅಂತ. ಸಂಜೆ ಕಾರು ವಾಪಸ್ ಬಂದಾಗ ದೀಪ ಒಡೆದಿತ್ತಂತೆ. ಅವನೇ ಫೋನ್ ಮಾಡಿದ. ಅಂಥೋರು ಎಷ್ಟು ಜನ ಇರ್ತಾರೆ ಹೇಳಿ?”

“ಮಂಜೇಗೌಡ ಏನಂತಾನೆ?”

“ಹೆಣ್ಣು ನೋಡೋಕೆ ಅರಕಲಗೂಡಿಗೆ ಹೋಗಿದ್ದೆ ಅಂತಾನೆ. ನವಮಿ ದಿನ ಯಾರಾದ್ರೂ ಹೆಣ್ಣು ನೋಡೋಕೆ ಹೋಗ್ತಾರಾ? ಅದೂ ಒಬ್ಬನೇ? ಹೆಣ್ಣಿನ ಮನೆಯೋರನ್ನ ಕೇಳಿದ್ರೆ, ಯಾರೂ ಬಂದೇ ಇಲ್ಲ ಅಂದ್ರು.”

ಯಶೋಧರಾ ಹೊರಗೆ ಬಂದು ಕಾರು ನೋಡಿದಳು. ನೋಂದಣಿ ಫಲಕ ಬಿಳಿ. ಅಂದರೆ ಸ್ವಂತ ಬಳಕೆಯ ಕಾರು. ಒಣಗಿದ ಚೆಂಡುಹೂವಿನ ಹಾರ ಇನ್ನೂ ಮುಂದೆ ಜೋತಾಡುತ್ತಿತ್ತು. ಬಾಳೆಕಂದು ಕೊಳೆತಿತ್ತು.

“ಇದನ್ನ ಯಾಕೆ ತೆಗೆದಿಲ್ಲ?”

ಕಾವಲಿದ್ದ ಪೇದೆ ಹಿಂದೆ ಸರಿದ. “ಪೂಜೆ ಆರ ಮೇಡಂ. ನಾವ್ಯಾಕೆ ಕೀಳಾದು? ಎತ್ತಿ ಫೋಟೋ ತಕ್ಕಂಡು ಅಂಗೇ ಬುಟ್ಟಿದೀವಿ.”

ಫೋನ್ ಬಂತು. ಕಂಪನಿಯ ಅಧಿಕಾರಿ. “ಬಾಡಿಗೆಗೆ ಬಿಟ್ಟಿದ್ದ ಅಂತ ಸಾಬೀತು ಮಾಡಿ ಸಾಕು ಮೇಡಂ. ಉಳಿದದ್ದು ನಮಗೆ ಬೇಡ.”

*

ಜಾಮೀನು ಸಿಗುವ ಕೇಸೇ. ಆದರೆ ಜಾಮೀನಿಗೆ ನಿಲ್ಲಲು ಜನ ಬೇಕು. ಮಂಜೇಗೌಡನ ಅಪ್ಪ ಅಮ್ಮ ತೀರಿಕೊಂಡಿದ್ದರು. ದಾಯಾದಿಗಳು ಫೋನ್ ಎತ್ತಲಿಲ್ಲ. ಹಾಗಾಗಿ ಅವನು ಜೈಲಿನಲ್ಲೇ ಇದ್ದ. ಮೂವತ್ತೊಂಬತ್ತರ ಗಟ್ಟಿ ಆಳು. ಹೆಣ್ಣು ನೋಡಲು ಹೊಲಿಸಿದ ಹೊಸ ಅಂಗಿಯಲ್ಲೇ ಬಂದು ಕೂತ.

“ಕಾರು ಯಾರದು?” ಯಶೋಧರಾ ಕೇಳಿದಳು.

“ನಮ್ ಚಿಕ್ಕಪ್ಪನ ಮಗಂದು.”

“ಆ ರಜನೀಶ್ ಲಿಂಗಾಯತರ ಹುಡುಗ. ಒಕ್ಕಲಿಗರಾದ ನಿಮಗೆ ಯಾವ ಚಿಕ್ಕಪ್ಪನ ಮಗ?”

ಅವನು ತಲೆ ಬಗ್ಗಿಸಿದ.

“ಬಾಡಿಗೆ ಕಾರು, ಅಲ್ವಾ?”

“ಅಂಗೆ ಏಳ್ಬೇಡ ಅಂದ್ರು ಮೇಡಂ. ಬಾಡ್ಗೆ ಅಂದ್ರೆ ಇನ್ಶೂರೆನ್ಸ್ ಓಯ್ತದೆ, ಎಲ್ಲಾ ನಿನ್ ತಲೆಗೇ ಬತ್ತದೆ, ನೆಂಟ್ರು ಅಂದ್ಬುಡು ಅಂದ್ರು. ಕಾರು ಕೊಡೋರೆಲ್ಲ ಅಂಗೇ ಏಳೋದು. ತಕ್ಕಳೋರೂ ಅಂಗೇ ಏಳ್ತೀವಿ.”

“ಇನ್ಶೂರೆನ್ಸ್ ಹೋಗೋದು ನಿಜ. ಬಿಳಿ ಬೋರ್ಡಿನ ಕಾರು ಬಾಡಿಗೆಗೆ ಬಿಡೋ ಹಾಗಿಲ್ಲ. ನೀವೇ ಓಡಿಸೋ ಬಾಡಿಗೆ ಕಾರಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ ಇರುತ್ತೆ. ಅದರ ಇನ್ಶೂರೆನ್ಸೇ ಬೇರೆ. ಆದರೆ ತಲೆಗೆ ಬರೋದು ನಿಮಗಿಂತ ಮೊದಲು ಮಾಲೀಕನಿಗೆ. ನೀವು ಸುಳ್ಳು ಹೇಳಿ ಉಳಿಸಿದ್ದು ಅವನನ್ನ.”

ಬಿಳಿ ಬೋರ್ಡು, ಕಪ್ಪು ಬೋರ್ಡು ಅಂತ ಮಂಜೇಗೌಡನಿಗೆ ಯಾರೂ ಹೇಳಿರಲಿಲ್ಲ.

“ಕಾರು ಯಾಕೆ ಬೇಕಾಯ್ತು?”

“ಬೈಕಲ್ಲಿ ಓಗಿ ಓಗಿ ಸಾಕಾಗಿತ್ತು ಮೇಡಂ. ರೈತ ಅಂದ್ರೆ ಜಗಲಿ ಮೇಲೇ ಕೂರ್ಸಿ ಕಾಫಿ ಕೊಟ್ಟು ಕಳಿಸ್ತಾರೆ. ಕಾರಲ್ಲಿ ಓದ್ರೆ ಒಳೀಕ್ ಬನ್ನಿ ಅಂತಾರೆ. ಆಯಮ್ಮ ಮೆಡಿಕಲ್ ಸ್ಟೋರಲ್ಲಿ ಕೆಲ್ಸ ಮಾಡ್ತದೆ, ಹಬ್ಬದ್ ದಿನ ಬುಟ್ರೆ ರಜಾ ಸಿಗಲ್ಲ. ಅದ್ಕೇ ನವಮೀಲಿ ಓದೆ. ಕರ್ಕಂಡ್ ಓಗಾಕೆ ಯಾರೂ ಇರ್ಲಿಲ್ಲ.” ಅವನು ಕಣ್ಣೆತ್ತಿದ. “ಮೇಡಂ, ನಾನು ಯಾರ್ಗೂ ಗುದ್ದಿಲ್ಲ ಕಣ್ರೀ. ಲೈಟ್ ಒಡ್ದಿರೋದು ಕಂಡಾಗ ಮಾಲೀಕ್ರಿಗೇ ಫೋನ್ ಮಾಡಿ ಏಳ್ದೆ, ಯಾರೂ ನಂಬ್ತಿಲ್ಲ. ಈ ಕೇಸು ನನ್ ಮೇಲೇ ನಿಂತ್ರೆ ಊರಲ್ಲಿ ತಲೆ ಎತ್ತಂಗಿಲ್ಲ. ಇರೋನು ಒಬ್ನೇ. ಒಬ್ಬನ್ ಎಸ್ರೂ ಓಗ್ಬುಟ್ರೆ ಇನ್ನೇನೈತೆ?”

ಬಾಡಿಗೆ ಸಾಬೀತಾಗಿತ್ತು. ಯಶೋಧರಾಳ ಕೆಲಸ ಮುಗಿದಿತ್ತು. ಆದರೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಒಂದು ವಿಷಯ ತಲೆ ಕೊರೆಯುತ್ತಿತ್ತು. ಪೂಜೆಯ ದಿನ ಕುಂಬಳ ಮಾರುವವನು ಬೆಳಕು ಹರಿಯುವ ಹೊತ್ತಿಗೆ ಪೇಟೆಯಲ್ಲಿರುತ್ತಾನೆ. ತಿಂಡಿ ಹೊತ್ತು ಕಳೆದ ಮೇಲೆ ತುಂಬಿದ ಮೂಟೆ ಹೊತ್ತು ಹೊರಡುವ ಪೆದ್ದ ಯಾರಿದ್ದಾನೆ? ಚಂದ್ರಯ್ಯ ಸತ್ತದ್ದು ಪೊಲೀಸರು ತಿಳಿದುದಕ್ಕಿಂತ ಮುಂಚೆ.

*

ಚನ್ನರಾಯಪಟ್ಟಣದ ರಜನೀಶ್ ನಗುಮುಖದ ಹುಡುಗ. ಕುರ್ಚಿ ಹಾಕಿದ. ಎಳನೀರು ಕೊಟ್ಟ. ಈ ಅತಿ ಮರ್ಯಾದೆ ಯಶೋಧರಾಳಿಗೆ ಒಗ್ಗುವಂಥದ್ದಲ್ಲ.

“ಬಾಡಿಗೆ ಗೀಡಿಗೆ ಏನಿಲ್ಲ ಮೇಡಂ. ನಮ್ಮ ಹುಡುಗ, ಪಾಪ, ಹೆಣ್ಣು ನೋಡೋಕೆ ಅಂದ. ಕೊಟ್ಟೆ. ಎಲ್ಲಾ ವಿಡಿಯೋ ಇದೆ ನೋಡಿ.”

ಕಾರು ಕೊಡುವಾಗ ತೆಗೆದ ವಿಡಿಯೋದಲ್ಲಿ ಮಂಜೇಗೌಡ ಕಾರಿನ ಸುತ್ತ ನಡೆಯುತ್ತಿದ್ದ. ಬಾಗಿಲು, ಟೈರು, ಹಿಂಬದಿ ಎಲ್ಲವೂ ಸ್ಪಷ್ಟ. ಬೆಳಿಗ್ಗೆ ತೊಳೆದ ಕಾರು ಥಳಥಳ ಹೊಳೆಯುತ್ತಿತ್ತು. ಮುಂದೆ ಮಾತ್ರ ಹೂವೋ ಹೂವು. ದಪ್ಪ ಹಾರ ಎಡಗಡೆಯ ದೀಪವನ್ನು ಪೂರ್ತಿ ಮುಚ್ಚಿತ್ತು. ಮೇಲೆ ಬಾಳೆಕಂದು ಬೇರೆ.

“ಎಡಗಡೆ ದೀಪ ಕಾಣೋದೇ ಇಲ್ಲವಲ್ಲ?”

“ಹಬ್ಬ ಅಲ್ವಾ ಮೇಡಂ. ಪೂಜೆ ಹಾರ ಕೀಳ್ಬೇಡ, ನಮ್ಮಮ್ಮ ನೊಂದ್ಕೋತಾರೆ ಅಂದಿದ್ದೆ. ದೀಪ ಒಡೆದಿದ್ದು ಅವ್ನು ನಂಗೆ ಹೇಳೇ ಇಲ್ಲ. ಸಂಜೆ ಕಾರು ಬಂದ ಮೇಲೆ ಗೊತ್ತಾಗಿದ್ದು.”

“ನಿಮ್ಮ ಡಿಎಲ್ ಕೊಡಿ.”

“ಓಡಿಸಿದ್ದು ಅವ್ನು. ನನ್ನ ಡಿಎಲ್ ಯಾಕೆ?”

“ಸುಮ್ಮನೆ, ಫೈಲಿಗೆ.”

“ಹುಡುಕಿ ಕಳಿಸ್ತೀನಿ ಬಿಡಿ.” ನಗು ಸ್ವಲ್ಪ ಕಡಿಮೆಯಾಯಿತು.

ಒಳಗಿನಿಂದ ಅವನ ತಾಯಿ ಬಸವಲಿಂಗಮ್ಮ ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಮಂಜು. ಬಲಗೈಯ ಬೆರಳಿಗೆ ಬಟ್ಟೆ ಸುತ್ತಿತ್ತು.

“ಏನಾಯ್ತಮ್ಮಾ ಕೈಗೆ?”

“ಹಬ್ಬದ್ ದಿನ ಚುಚ್ಕಂಡೆ ಕಣವ್ವ. ಕಾರಿಗೆ ವಿಭೂತಿ ಇಡೋವಾಗ…”

“ಅಮ್ಮಾ, ಒಳಗೆ ಹೋಗಿ ಮಲಕ್ಕೋ,” ಎಂದ ರಜನೀಶ್. “ವಯಸ್ಸಾಯ್ತು ಮೇಡಂ. ಹೂ ಕಟ್ಟೋ ತಂತಿ ಚುಚ್ಚಿಸ್ಕೊಂಡ್ರು.”

ಮುದುಕಿ ನಿಂತೇ ಇದ್ದರು. ಮಾತಾಡಲು ಮನೆಗೆ ಒಬ್ಬರು ಬಂದಿದ್ದೇ ಅವರಿಗೆ ಹಿಗ್ಗು. ಮಗ ಭುಜ ಹಿಡಿದು ತಿರುಗಿಸಿದ.

ಯಶೋಧರಾ ಕಾರಿನಲ್ಲಿ ಕೂತು ರಜನೀಶನ ಡಿಎಲ್ ಬಗ್ಗೆ ಆರ್‌ಟಿಒ ಕಚೇರಿಯ ಪರಿಚಯದವರನ್ನು ವಿಚಾರಿಸಿದಳು. ಉತ್ತರ ಬೇಗ ಬಂತು. ಕುಡಿದು ಓಡಿಸಿ ಸಿಕ್ಕಿಬಿದ್ದು ಅವನ ಡಿಎಲ್ ಅಮಾನತಾಗಿತ್ತು. ಹಬ್ಬದ ದಿನ ಅವನು ಸ್ಟೀರಿಂಗ್ ಮುಟ್ಟುವ ಹಾಗೇ ಇರಲಿಲ್ಲ.

*

ಅರಕಲಗೂಡಿನಲ್ಲಿ ನಂಜಪ್ಪನ ಮನೆಯ ಬಾಗಿಲು ಅರ್ಧ ತೆರೆಯಿತು. ಹೆಣ್ಣು ನಿಸರ್ಗಳ ಸೋದರಮಾವ ಅವರು.

“ಪೊಲೀಸ್ನೋರ್ಗೇ ಏಳಿವ್ನಿ. ಯಾರೂ ಬಂದಿಲ್ಲ. ನಮ್ ಹುಡುಗಿ ಎಸ್ರು ಇದ್ರಾಗೆ ತರಬ್ಯಾಡಿ. ನಾಳೆ ಬ್ಯಾರೆ ಗಂಡು ಬರ್ಬೇಕು.”

ನಿಸರ್ಗ ನೀರು ತಂದುಕೊಟ್ಟಳು. ಸುಮಾರು ಮೂವತ್ತು ವರ್ಷ. ಯಶೋಧರಾ ನೀರು ಕುಡಿದು ಎದ್ದಳು. ಒತ್ತಾಯ ಮಾಡಲಿಲ್ಲ. ಒತ್ತಾಯಕ್ಕೆ ಬಂದ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ರಸ್ತೆಯ ತಿರುವಿನಲ್ಲಿ ಕಾರಿನ ಕಿಟಕಿ ಬಡಿದ ಸದ್ದಾಯಿತು. ನಿಸರ್ಗ ಓಡಿಬಂದಿದ್ದಳು.

“ಅವ್ರು ಬಂದಿದ್ರು ಮೇಡಂ. ಕಾಫಿ ಕುಡ್ಕಂಡು ಹೊರಗೆ ಹೋದಾಗ ಹಾರ ಜಾರಿತ್ತು. ದೀಪದ ಗಾಜೇ ಇರ್ಲಿಲ್ಲ. ಅವ್ರ ಮುಖ ನೋಡ್ಬೇಕಿತ್ತು, ರಕ್ತನೇ ಇರ್ಲಿಲ್ಲ. ಅಲ್ಲೇ ನಿಂತು ಮಾಲೀಕಂಗೆ ಫೋನ್ ಮಾಡಿದ್ರು. ‘ಸಾ, ಲೈಟ್ ಒಡ್ದೋಗೈತೆ, ನಾನೇನೂ ಮಾಡಿಲ್ಲ’ ಅಂತ. ಸ್ಪೀಕರ್ ಹಾಕಿದ್ರು. ನಂಗೂ ಕೇಳಿಸ್ತು.”

“ಆ ಕಡೆಯವರು ಏನಂದ್ರು?”

“ಬಯ್ಲೇ ಇಲ್ಲ! ‘ಇನ್ಶೂರೆನ್ಸ್ ಐತೆ ಬಿಡಿ, ಹಾರ ಸರಿ ಮಾಡ್ಕೊಂಡು ಬನ್ನಿ’ ಅಂದ್ರು. ಇನ್ನೊಂದು ಮೇಡಂ. ನಂಗೆ ಆಗ ನಗು ಬಂದಿತ್ತು. ದೀಪದ ಗಾಜಿಲ್ಲ, ಒಳಗಡೆ ಮಾತ್ರ ವಿಭೂತಿ ಪಟ್ಟೆ ಬಳಿದಿದ್ರು. ಒಡೆದ ದೀಪಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ?”

ಯಶೋಧರಾ ಕೇಳಿದಳು, “ಇದನ್ನ ಠಾಣೆಗೆ ಬಂದು ಹೇಳ್ತೀಯೇನಮ್ಮ? ಒಬ್ಬ ಮನುಷ್ಯ ಒಳಗಿದಾನೆ.”

“ಮಾವ ಮನೆ ಬಿಟ್ಟು ಓಡಿಸ್ತಾರೆ.” ನಿಸರ್ಗ ಹಿಂದಿರುಗಿ ನೋಡಿದಳು. “ಬತ್ತೀನಿ.”

*

ಮರುದಿನ ಠಾಣೆಗೆ ರಜನೀಶನನ್ನು ಕರೆಸಿದರು. ಕ್ಲೇಮಿಗೆ ಸಹಿ ಬೇಕು ಎಂದು ಹೇಳಿದ್ದರು. ಕೂದಲು ಬಾಚಿಕೊಂಡು ಬಂದ.

ಯಶೋಧರಾ ಅವನನ್ನೂ ಶಿವಕುಮಾರನನ್ನೂ ಕಾರಿನ ಹತ್ತಿರ ಕರೆದುಕೊಂಡು ಹೋದಳು. ಹಾರ ಎತ್ತಿದಳು. ಟಾರ್ಚ್ ಹಾಕಿದಳು.

“ಒಳಗೆ ನೋಡಿ ಸರ್.”

ಬಲಗಡೆ ದೀಪದ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಎಡಗಡೆಯಲ್ಲಿ ಗಾಜಿರಲಿಲ್ಲ. ವಿಭೂತಿ ಇತ್ತು. ದೀಪದ ಗೂಡಿನೊಳಗೆ, ಬಲ್ಬಿನ ಹಿಂದಿನ ಹೊಳೆಯುವ ತಗಡಿಗೆ ಅಂಟಿಕೊಂಡು ಒಣಗಿತ್ತು. ಮಳೆಗೂ ಸಿಕ್ಕಿರಲಿಲ್ಲ.

“ಗಾಜು ಇದ್ದಿದ್ರೆ ಬೆರಳು ಅಲ್ಲಿಗೆ ಹೋಗೋದು ಹೇಗೆ? ಅಂದ್ರೆ ಪೂಜೆ ಮಾಡೋ ಹೊತ್ತಿಗೇ ದೀಪ ಒಡೆದಿತ್ತು. ಪೂಜೆ ಆದ ಮೇಲೆ ಮಂಜೇಗೌಡ ಕಾರು ತಗೊಂಡಿದ್ದು.”

“ಅವನೇ ಆಮೇಲೆ ಬಳಿದಿರ್ಬೋದು!” ರಜನೀಶ್ ಕೂಗಿದ.

“ಚಂದ್ರಯ್ಯನ ಹೆಣ ಸಿಗೋದಕ್ಕೆ ಮುಂಚೆಯೇ ಇದನ್ನ ನಿಸರ್ಗ ನೋಡಿದಾಳೆ. ಈಗಷ್ಟೇ ಹೇಳಿಕೆ ಕೊಟ್ಟಳು. ನೀವು ಫೋನಲ್ಲಿ ಮಾತಾಡಿದ್ದನ್ನೂ ಕೇಳಿದಾಳೆ. ದೀಪದ ವಿಷಯ ಸಂಜೆ ಗೊತ್ತಾಯ್ತು ಅಂದ್ರಲ್ಲ?”

ಶಿವಕುಮಾರ್ ಠಾಣೆಯ ಬಾಗಿಲಲ್ಲಿ ನಿಂತಿದ್ದ ನಿಸರ್ಗಳ ಕಡೆ ತಿರುಗಿದ. ಅವಳು ಹೌದೆಂದು ತಲೆಯಾಡಿಸಿದಳು.

“ಕುಂಬಳದ ಮೂಟೆ ತುಂಬಿತ್ತು ಸರ್,” ಯಶೋಧರಾ ಮುಂದುವರಿಸಿದಳು. “ಚಂದ್ರಯ್ಯ ಹೊರಟದ್ದು ನಸುಕಿನಲ್ಲಿ. ಆ ಹೊತ್ತಿಗೆ ಇವರೂ ಹೂವು, ಬಾಳೆಕಂದು ತರೋಕೆ ಅದೇ ದಾರಿ ಹಿಡಿದ್ರು. ಗುದ್ದಿದ್ರು. ಮನೆಗೆ ಬಂದು ಕಾರು ತೊಳೆದ್ರು. ಬೇರೆ ದಿನ ಅಷ್ಟು ಹೊತ್ತಿಗೇ ಕಾರು ತಿಕ್ಕಿದ್ರೆ ಅಕ್ಕಪಕ್ಕದೋರು ಕೇಳ್ತಿದ್ರು. ಅವತ್ತು ಇಡೀ ಊರೇ ಗಾಡಿ ತೊಳೀತಿತ್ತು. ಮಂಜೇಗೌಡ ಮೊದಲೇ ಕಾರು ಕೇಳಿಟ್ಟಿದ್ದ. ಪಾಪ ಅವನ ತಲೆಗೆ ಹೋಗಲಿ ಅಂತ ಹಾರ ಹಾಕಿ ಕೈಗೆ ಕೊಟ್ರು. ದೇವರ ಹೂವು ಎತ್ತಿ ನೋಡೋ ಧೈರ್ಯ ಅವನಿಗೆಲ್ಲಿ ಬರಬೇಕು?”

“ಆದ್ರೆ ಯಾಕೆ ಮೇಡಂ? ಗಾಡಿಗೆ ಇನ್ಶೂರೆನ್ಸ್ ಇತ್ತಲ್ಲ?” ಶಿವಕುಮಾರ್ ಕೇಳಿದ.

“ಇತ್ತು. ಸತ್ತವನ ಮನೆಯವರಿಗೆ ಪರಿಹಾರ ಕೊಡೋದು ಕಂಪನಿಯೇ. ಆದ್ರೆ ಡಿಎಲ್ ಅಮಾನತಾದವನು ಓಡಿಸಿದ್ರೆ, ಕೊಟ್ಟದ್ದನ್ನ ಕಂಪನಿ ಮಾಲೀಕನ ಹತ್ತಿರ ವಸೂಲು ಮಾಡುತ್ತೆ. ಬಿಳಿ ಬೋರ್ಡನ್ನ ಬಾಡಿಗೆಗೆ ಬಿಟ್ಟಿದ್ರೂ ಅದೇ ಪಾಡು. ಡಿಎಲ್ ಇರೋ ನೆಂಟ, ಬಾಡಿಗೆ ಇಲ್ಲದೆ ಓಡಿಸಿದ್ರೆ ಮಾತ್ರ ಮಾಲೀಕ ಬಚಾವ್. ಜೈಲು ನೆಂಟನಿಗೆ, ಪರಿಹಾರದ ಹೊರೆ ಕಂಪನಿಗೆ. ಅದಕ್ಕೇ ಅವನನ್ನ ಚಿಕ್ಕಪ್ಪನ ಮಗ ಮಾಡಿದ್ದು.”

ರಜನೀಶ್ ಗೇಟಿನ ಕಡೆ ನೋಡಿದ. ಅಲ್ಲಿ ಪೇದೆ ನಿಂತಿದ್ದ.

“ಸುಮ್ನೆ ಕಥೆ ಕಟ್ತಿದೀರ. ಯಾರ ಬೆರಳೋ ಏನೋ.”

“ನಿಮ್ಮ ತಾಯಿಯವರ ಬೆರಳು. ಕಣ್ಣು ಕಾಣದೆ ಹಾರದ ಕೆಳಗೆ ಕೈ ಹಾಕಿ ವಿಭೂತಿ ಇಟ್ಟಿದಾರೆ. ಒಡೆದ ಅಂಚು ಚುಚ್ಚಿದೆ. ಅವರನ್ನೇ ಕರೆಸಿ ಕೇಳೋಣ.”

“ಅಮ್ಮನ್ನ ಕರೀಬೇಡಿ.” ಅವನು ನೆಲದ ಮೇಲೆ ಕುಕ್ಕರಿಸಿದ. ಆಮೇಲೆ ಎಲ್ಲವೂ ತಾನಾಗಿ ಬಂತು. ರಾತ್ರಿ ಗೆಳೆಯರ ಜೊತೆ ಕುಡಿದಿದ್ದ. ನಿದ್ದೆ ಇರಲಿಲ್ಲ. ಸೈಕಲ್ ಕಾಣಲಿಲ್ಲ.

“ನಿಲ್ಲಿಸಿದ್ಯಾ?” ಶಿವಕುಮಾರ್ ಕೇಳಿದ.

“ನಿಲ್ಲಿಸಿದೆ. ಇಳಿದು ನೋಡಿದೆ.”

“ಸತ್ತಿದ್ನಾ?”

ರಜನೀಶ್ ಕಾರಿನ ಒಣಗಿದ ಹಾರದ ಕಡೆ ನೋಡಿದ.

“ಉಸಿರಾಡ್ತಿದ್ದ ಸರ್. ಯಾರಾದ್ರೂ ನೋಡ್ತಾರೆ, ಎತ್ತಾಕ್ಕೊಂಡು ಹೋಗ್ತಾರೆ ಅಂದ್ಕೊಂಡೆ.”

ಯಾರೂ ನೋಡಲಿಲ್ಲ. ಯಶೋಧರಾ ಟಾರ್ಚ್ ಆರಿಸಿ ಪಕ್ಕಕ್ಕೆ ಹೋಗಿ ನಿಂತಳು. ಕೇಸು ಬಿಡಿಸಿದ ಖುಷಿ ಅವಳಿಗೆ ಒಂದಿಷ್ಟೂ ಆಗಲಿಲ್ಲ. ಸಂಜೆಯೊಳಗೆ ಬಂಕಿನ ಕ್ಯಾಮೆರಾದಲ್ಲಿ ನಸುಕಿನ ದೃಶ್ಯವೂ ಸಿಕ್ಕಿತು. ಅದೇ ಕಾರು, ಒಂದೇ ದೀಪ ಉರಿಸಿಕೊಂಡು ಹೋಗುತ್ತಿತ್ತು.

*

ಮಂಜೇಗೌಡ ಬಿಡುಗಡೆಯಾಗಿ ಠಾಣೆಗೆ ಬರುವ ದಿನ ನಿಸರ್ಗಳೂ ಬಂದಿದ್ದಳು. ಹೇಳಿಕೆಗೆ ಇನ್ನೊಂದು ಸಹಿ ಬಾಕಿಯಿತ್ತು. ಅವಳನ್ನು ಕಂಡು ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ. 

“ನೀವು ಬಂದ್ರಲ್ಲ,” ಎಂದ.

“ನಿಜ ಹೇಳಾಕೆ ಬಂದೆ.” ನಿಸರ್ಗ ಅವನ ಮುಖ ನೋಡಿಯೇ ಮಾತಾಡಿದಳು. “ತಪ್ಪು ತಿಳ್ಕೊಬೇಡಿ. ನಂಗೆ ಈ ಸಂಬಂಧ ಬೇಡ. ಅವತ್ತೇ ಬೇಡ ಅನ್ಸಿತ್ತು. ಹಳ್ಳೀಲಿ ಇರಾಕೆ ನಂಗಾಗಲ್ಲ. ನೀವು ಒಳ್ಳೇರು. ಅದ್ಕೇ ಎದುರಿಗೇ ಹೇಳ್ತಿದೀನಿ.”

“ಆಯ್ತು ಬುಡಿ. ನಿಮ್ ಮಾವ ಬಯ್ಯಲ್ವಾ?”

“ಬಯ್ದಾಯ್ತು.”

ಅವಳು ಬಸ್ಸು ಹತ್ತಿದಳು. ಬಸ್ಸು ಮರೆಯಾಗುವವರೆಗೆ ಅವನು ನಿಂತಿದ್ದ. ಅವನನ್ನು ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಯಶೋಧರಾ ತನ್ನ ಕಾರಿನ ಬಾಗಿಲು ತೆರೆದಳು.

“ಹತ್ತಿ. ಊರ ತನಕ ಬಿಡ್ತೀನಿ.”

ಎರಡೂ ಕಡೆ ತೆಂಗಿನ ತೋಟ, ಕಟಾವಿಗೆ ಬಂದ ರಾಗಿ. ಯಶೋಧರಾಳಿಗೆ ಸಮಾಧಾನದ ಮಾತು ಹೊಳೆಯಲಿಲ್ಲ. ಪಕ್ಕದ ಸೀಟಿನಲ್ಲಿ ಮನುಷ್ಯರು ಕೂತು ಎಷ್ಟೋ ಕಾಲವಾಗಿತ್ತು.

“ಬೇಜಾರು ಮಾಡ್ಕೋಬೇಡಿ,” ಎಂದಳು ಕೊನೆಗೆ.

“ಇಲ್ಲ ಮೇಡಂ.” ಅವನು ಕಿಟಕಿಯಾಚೆ ನೋಡುತ್ತಿದ್ದ. “ಎಷ್ಟೋ ಕಡೆ ಹೆಣ್ಣು ನೋಡ್ಕಂಡ್ ಬಂದಿವ್ನಿ. ಏಳಿ ಕಳಿಸ್ತೀವಿ ಅಂತಾರೆ. ಆಮೇಕೆ ಫೋನೇ ಎತ್ತಲ್ಲ. ತಿಂಗ್ಳುಗಟ್ಲೆ ಕಾಯ್ತೀನಿ. ನನ್ ಎದುರ್ಗೆ ನಿಂತು, ಮಕ ನೋಡಿ, ಬ್ಯಾಡ ಅಂದೋಳು ಇವ್ಳೊಬ್ಳೇ ಕಣ್ರೀ.”

ಹೇಳಿ ನಕ್ಕ. ನಗುತ್ತಲೇ ಅಳತೊಡಗಿದ. ಯಶೋಧರಾ ಕಾರು ನಿಲ್ಲಿಸಲಿಲ್ಲ. ಅವನು ಅತ್ತು ಮುಗಿಯಲೆಂದು ನಿಧಾನವಾಗಿ ಓಡಿಸಿದಳು.